ಮಕ್ಕಳಿಗೆ ಮನೆಯಲ್ಲೇ ಪಾಠ: ಕಾರವಾರ ಕಡೆಯ ಕಥೋಲಿಕ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಚಿಕ್ಕ ಮಕ್ಕಳಿರುವ ಮನೆಗಳಿಗೆ ಬರೆದದ್ದು. ಮೂರರಿಂದ ಹತ್ತು ವರ್ಷದವರು ಅಂತಿಟ್ಟುಕೊಳ್ಳಿ. ಹೈಸ್ಕೂಲ್ ಮಕ್ಕಳ ಕಥೆ ಬೇರೆ. ನಾನು ಕಾರವಾರ ತಾಲೂಕಿನವಳು. ಭಾನುವಾರ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕ್ಯಾಟೆಕಿಸಂ, ಅಂದರೆ ಧರ್ಮಪಾಠ ಕಲಿಸುತ್ತೇನೆ, ಮನೆಯಲ್ಲಿ ನಮ್ಮ ಇಬ್ಬರು ಮಕ್ಕಳಿಗೆ ನಾವೇ ಪಾಠ ಮಾಡುತ್ತೇವೆ. ಪೂಜೆ ಮುಗಿದ ಮೇಲೆ, ಮದುವೆ ಊಟದಲ್ಲಿ, ಮೀನು ಮಾರ್ಕೆಟ್‌ನಲ್ಲಿ ಜನ ಕೇಳುವುದು ಇವೇ ಪ್ರಶ್ನೆಗಳನ್ನು. ಕೆಲವಕ್ಕೆ ಉತ್ತರ ಕಾನೂನಿನಲ್ಲಿದೆ, ಕೆಲವಕ್ಕೆ ಚರ್ಚಿನ ದಾಖಲೆಗಳಲ್ಲಿದೆ. ಉಳಿದದ್ದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಬಿಡಿ.

ಊರಲ್ಲಿ ಇಷ್ಟೊಂದು ಕಾನ್ವೆಂಟ್‌ಗಳಿವೆ. ಮತ್ತೆ ಮನೆಯಲ್ಲೇ ಯಾಕೆ?

ಕೇಳಲೇಬೇಕಾದ ಪ್ರಶ್ನೆ. ಸಿಸ್ಟರುಗಳು, ಫಾದರುಗಳು ನಡೆಸುವ ಶಾಲೆಗಳಲ್ಲಿ ನಾವೂ ಕಲಿತಿದ್ದೇವೆ, ಪಕ್ಕದ ಮನೆಯ ನಾಯ್ಕರ, ಶೇಟರ ಮಕ್ಕಳೂ ಕಲಿತಿದ್ದಾರೆ. ಇಂಟರ್‌ನೆಟ್‌ನಲ್ಲಿ ಕಥೋಲಿಕ ಹೋಂಸ್ಕೂಲಿಂಗ್ ಬಗ್ಗೆ ಸಿಗುವುದು ಹೆಚ್ಚುಕಡಿಮೆ ಎಲ್ಲ ಅಮೆರಿಕದವರು ಬರೆದದ್ದು. ಅಲ್ಲಿ ಸರ್ಕಾರಿ ಶಾಲೆಯಲ್ಲಿ ಧರ್ಮಪಾಠಕ್ಕೆ ಜಾಗವಿಲ್ಲ. ಕಥೋಲಿಕ ಶಾಲೆಗೆ ಹಾಕೋಣವೆಂದರೆ ಅನೇಕರಿಗೆ ಫೀಸು ಕೈಗೆಟುಕುವುದಿಲ್ಲ. ಆ ಕಷ್ಟ ನಮ್ಮದಲ್ಲ. ಅವರ ಕಾರಣ ತಂದು ಇಲ್ಲಿ ಮಗುವಿಗೆ ಶಾಲೆ ಬಿಡಿಸುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿಯ ಕಾರಣಗಳು ಬೇರೆ. ನೌಕಾನೆಲೆಯಲ್ಲೋ ಕೈಗಾದಲ್ಲೋ ಕೆಲಸ ಇದ್ದವರಿಗೆ ವರ್ಗಾವಣೆ ತಪ್ಪುವುದಿಲ್ಲ, ಮಗು ಪ್ರತಿ ಸಲ ಹೊಸ ಶಾಲೆಗೆ ಹೊಂದಿಕೊಳ್ಳಬೇಕು. ಜೋಯಿಡಾ ಕಡೆಯ ಒಳಹಳ್ಳಿಗಳಲ್ಲಿ ಮಳೆಗಾಲದ ಕತ್ತಲಲ್ಲಿ ಐದಾರು ವರ್ಷದ ಮಗುವನ್ನು ವ್ಯಾನ್ ಹತ್ತಿಸಬೇಕು. ಕೆಲವು ಮಕ್ಕಳಿಗೆ ತುಂಬಿದ ತರಗತಿ ಆಗಿ ಬರುವುದಿಲ್ಲ, ಬಾಯೇ ಬಿಡುವುದಿಲ್ಲ. ಇನ್ನು ಕೆಲವರಿಗೆ ಅಜ್ಜ-ಅಜ್ಜಿ ಜೊತೆ ಮಗು ಒಂದಷ್ಟು ವರ್ಷ ಇರಲಿ ಅನ್ನುವ ಆಸೆ. ಇವೆಲ್ಲ ನ್ಯಾಯವಾದ ಕಾರಣಗಳೇ.

“ನಂಬಿಕೆ ಉಳಿಯಬೇಕು, ಅದಕ್ಕೆ” ಅನ್ನುವುದೊಂದೇ ಕಾರಣವಾದರೆ ಸ್ವಲ್ಪ ನಿಲ್ಲಿ. ಮಗು ಶಾಲೆಗೆ ಹೋದರೂ ಹೋಗದಿದ್ದರೂ ನಂಬಿಕೆ ಕಲಿಸುವ ಕೆಲಸ ನಿಮ್ಮದೇ. ರಾತ್ರಿ ಜಪಸರದ (ರೋಸರಿ) ಪ್ರಾರ್ಥನೆಗೆ ಯಾರೂ ಕೂರದ ಮನೆಯಲ್ಲಿ ಹಗಲಿನ ಗಣಿತ-ವಿಜ್ಞಾನ ಮನೆಯಲ್ಲೇ ನಡೆದರೆ ಏನು ಬದಲಾಗುತ್ತದೆ?

ಚರ್ಚ್ ಇದಕ್ಕೆ ಒಪ್ಪುತ್ತದಾ? ಫಾದರ್ ಹತ್ತಿರ ಪರ್ಮಿಷನ್ ಬೇಕಾ?

ಒಪ್ಪುತ್ತದೆ. ಪರ್ಮಿಷನ್ ಬೇಡ.

ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲೇ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿ ಎಂದಿದೆ. 1983ರ ಚರ್ಚ್ ಕಾನೂನಿನ 793ನೇ ನಿಯಮ, ಮಕ್ಕಳಿಗೆ ಶಿಕ್ಷಣ ಕೊಡುವುದು ಹೆತ್ತವರ ಕರ್ತವ್ಯವೂ ಹೌದು ಹಕ್ಕೂ ಹೌದು, ಅದಕ್ಕೆ ಊರಿನ ಪರಿಸ್ಥಿತಿಗೆ ತಕ್ಕ ದಾರಿಯನ್ನು ಅವರೇ ಆರಿಸಿಕೊಳ್ಳಬಹುದು ಎನ್ನುತ್ತದೆ.

ಹೋಂಸ್ಕೂಲಿಂಗ್ ಉತ್ಸಾಹಿಗಳು ಇಷ್ಟನ್ನೇ ಓದಿ ಪುಸ್ತಕ ಮುಚ್ಚುತ್ತಾರೆ. ಮುಂದೆ 798ನೇ ನಿಯಮವೂ ಇದೆ. ಕಥೋಲಿಕ ಶಿಕ್ಷಣ ಕೊಡುವ ಶಾಲೆಗೆ ಮಕ್ಕಳನ್ನು ಕಳಿಸಿ, ಅದು ಆಗದಿದ್ದರೆ ಶಾಲೆಯ ಹೊರಗೆ ಆ ಶಿಕ್ಷಣ ಸಿಗುವ ಹಾಗೆ ನೋಡಿಕೊಳ್ಳಿ ಅಂತ ಅದು ಹೇಳುತ್ತದೆ. ಅಂದರೆ ಚರ್ಚ್ ಶಾಲೆಗಳನ್ನು ಪಕ್ಕಕ್ಕೆ ತಳ್ಳಿಲ್ಲ. ಎರಡನ್ನೂ ಒಟ್ಟಿಗೆ ಓದಿ ತೀರ್ಮಾನ ಮಾಡಿ.

ಪರ್ಮಿಷನ್ ಬೇಡ ಅಂದೆ, ಆದರೆ ಫಾದರ್‌ಗೆ ಒಂದು ಮಾತು ಹೇಳಿಬಿಡಿ. ನಮ್ಮ ಧರ್ಮಕೇಂದ್ರಗಳು ಚಿಕ್ಕವು. ನೀವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಅದೂ ಉಪ್ಪು-ಖಾರ ಸೇರಿಸಿ.

ಕಾನೂನು ಏನು ಹೇಳುತ್ತದೆ? ಪೊಲೀಸ್ ಕೇಸ್ ಆಗುತ್ತದಾ?

ಇದಕ್ಕೆ ಹೌದು-ಅಲ್ಲ ಅಂತ ಒಂದೇ ಮಾತಿನ ಉತ್ತರವಿಲ್ಲ. ಕೊಡುವವರನ್ನು ನಂಬಬೇಡಿ.

ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಅದನ್ನು ಜಾರಿಗೆ ತರಲು ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ, ಎಲ್ಲರ ಬಾಯಲ್ಲಿ ಆರ್‌ಟಿಇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 10ನೇ ಸೆಕ್ಷನ್ ಪ್ರಕಾರ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ. ಆದರೆ ಸೇರಿಸದ ಹೆತ್ತವರಿಗೆ ದಂಡ, ಜೈಲು ಅಂತ ಈ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಮನೆಪಾಠವನ್ನು ಹೆಸರು ಹಿಡಿದು ನಿಷೇಧಿಸಿಲ್ಲ, ಹೆಸರು ಹಿಡಿದು ಒಪ್ಪಿಯೂ ಇಲ್ಲ. ಮನೆಯಲ್ಲೇ ಶಿಕ್ಷಣ ಅನ್ನುವುದು ಕಾಯ್ದೆಗೆ ಬಂದದ್ದು 2012ರ ತಿದ್ದುಪಡಿಯಲ್ಲಿ. ಅದೂ ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಮಾತ್ರ. ನಿಮ್ಮ ಮನೆಯಲ್ಲಿ ಅಂಥ ಮಗು ಇದ್ದರೆ ಯಾರಿಗೂ ಹೆದರಬೇಕಾಗಿಲ್ಲ, ಅದು ಮಗುವಿನ ಹಕ್ಕು.

ಉಳಿದವರು ಅಸ್ಪಷ್ಟ ಜಾಗದಲ್ಲಿದ್ದೇವೆ ಅಂತ ತಿಳಿದೇ ಇಳಿಯಬೇಕು. ರಾತ್ರಿ ನಿದ್ದೆ ಬಾರದಷ್ಟು ಚಿಂತೆ ಮಾಡುವ ಸ್ವಭಾವ ನಿಮ್ಮದಾದರೆ, ಆರು ವರ್ಷ ತುಂಬುವವರೆಗೆ ಮನೆಯಲ್ಲಿ ಕಲಿಸಿ, ಆಮೇಲೆ ಒಂದನೇ ತರಗತಿಗೆ ಸೇರಿಸಿಬಿಡಿ.

ನಾಲ್ಕು ವರ್ಷದ ಮಗು. ಎಲ್‌ಕೆಜಿ ತಪ್ಪಿದರೆ ತೊಂದರೆಯಾ?

ಇಲ್ಲ. ಕಡ್ಡಾಯ ಶುರುವಾಗುವುದೇ ಆರಕ್ಕೆ. ಕೆಲವು ಶಾಲೆಗಳು ಎಲ್‌ಕೆಜಿ ಮಕ್ಕಳಿಗೇ ಒಂದನೇ ತರಗತಿಯ ಸೀಟು ಕೊಡುತ್ತವೆ. ನಿಮ್ಮ ಕಣ್ಣು ಅಂಥ ಶಾಲೆಯ ಮೇಲಿದ್ದರೆ ಮೊದಲೇ ವಿಚಾರಿಸಿ.

ಶಾಲೆಯಿಂದ ಹೊರಗುಳಿದ ಮಕ್ಕಳ ಸರ್ವೆಗೆ ಮನೆಗೆ ಬಂದರೆ ಏನು ಹೇಳಬೇಕು?

ನಿಜ ಹೇಳಿ. ಸರ್ವೆಗೆ ಬರುವ ಮೇಷ್ಟ್ರು, ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಿಮ್ಮ ವೈರಿಗಳಲ್ಲ. ಪಟ್ಟಿ ತುಂಬುವುದು ಅವರ ಕೆಲಸ. ಕೂರಿಸಿ, ಚಹಾ ಕೊಡಿ, ಮಗುವಿನ ನೋಟ್‌ಬುಕ್ ತೋರಿಸಿ, ಒಂದು ಪಾಠ ಓದಿಸಿ. ಬಾಲಕಾರ್ಮಿಕ ಮಗು ಅಲ್ಲ, ಓದುವ ಮಗು ಅಂತ ಅವರ ಕಣ್ಣಿಗೇ ಕಂಡರೆ ಮಾತು ಅರ್ಧ ಮುಗಿದ ಹಾಗೆ. ಆದರೂ ಶಾಲೆಗೆ ಸೇರಿಸಿ ಅಂತ ಒತ್ತಾಯ ಬರಬಹುದು. ಆಗ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ನೀವೇ ಬರವಣಿಗೆಯಲ್ಲಿ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ ಕಾರವಾರ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕೆಳಗೆ ಬರುತ್ತದೆ. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರದವರಿಗೆ ಶಿರಸಿ. ಇದು ಗೊತ್ತಿಲ್ಲದೆ ಜೋಯಿಡಾದಿಂದ ಸುಮ್ನೆ ಕಾರವಾರಕ್ಕೆ ಬಸ್ ಹತ್ತಬೇಡಿ.

ಒಂದು ಶಾಲೆಯಲ್ಲಿ ಹೆಸರು ಮಾತ್ರ ಹಚ್ಚಿಸಿ, ಮಗುವನ್ನು ಮನೆಯಲ್ಲಿಟ್ಟುಕೊಂಡು ಹಾಜರಾತಿ ಹಾಕಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಎಂಟನೇ ಕಟ್ಟಳೆ ಸುಳ್ಳು ಹೇಳಬೇಡ ಅನ್ನುತ್ತದೆ ಅಂತ ಮಗುವಿಗೆ ಕಲಿಸುವವರು ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆಸುವುದು ಹೇಗೆ?

ದಿನಕ್ಕೆ ಎಷ್ಟು ಹೊತ್ತು ಪಾಠ?

ಶಾಲೆಯ ಟೈಮ್‌ಟೇಬಲ್ ಮನೆಗೆ ತರಬೇಡಿ. ಆರು ವರ್ಷದ ಮಗುವಿಗೆ ಬೆಳಗ್ಗೆ ಒಂದೂವರೆ-ಎರಡು ಗಂಟೆ ಕೂತು ಕಲಿಯುವುದು ಸಾಕು. ಶಾಲೆಯಲ್ಲಿ ಲೈನ್ ಮಾಡಿಸಿ, ಹಾಜರಿ ಕರೆದು, ಎಲ್ಲರೂ ಬರೆದು ಮುಗಿಸುವವರೆಗೆ ಕಾಯಿಸುವ ಹೊತ್ತು ಇಲ್ಲಿ ಉಳಿಯುತ್ತದೆ. ಉಳಿದ ಹೊತ್ತಿನಲ್ಲಿ ಕಲಿಕೆ ನಿಲ್ಲುವುದಿಲ್ಲ. ನಮ್ಮ ಬಾಗಿಲಿಗೆ ಮೀನು ತರುವ ಅಕ್ಕ ಒಂದು ದಿನ ಬಾಂಗಡೆ ನೂರಕ್ಕೆ ಎಂಟು ಅಂದಳು. ಆಗ ಭಾಗಾಕಾರ ಕಲಿಯುತ್ತಿದ್ದ ಮಗಳು “ಹಾಗಾದರೆ ಐವತ್ತಕ್ಕೆ ನಾಲ್ಕು” ಅಂತ ಕೈ ಚಾಚಿದಳು. “ಐವತ್ತಕ್ಕೆ ಮೂರೇ ಬಾಳಾ” ಅಂತ ಅಕ್ಕ ಬುಟ್ಟಿ ಮುಚ್ಚಿದಳು. ಜಾಸ್ತಿ ತೆಗೆದುಕೊಂಡರೆ ಅಗ್ಗ ಅನ್ನುವುದನ್ನು ಅವಳಿಗೆ ಅರ್ಥ ಮಾಡಿಸಲು ನನಗೆ ಇಡೀ ಬೆಳಗ್ಗೆ ಹೋಯಿತು. ಈಗಲೂ ಅವಳ ಪ್ರಕಾರ ಒಂದು ಬಾಂಗಡೆ ಬಾಕಿ ಇದೆ.

ಜೂನ್-ಜುಲೈಯಲ್ಲಿ ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟರೂ ಮನೆಪಾಠ ನಿಲ್ಲುವುದಿಲ್ಲ. ಕರೆಂಟ್ ಹೋದಾಗ ಕಥೆ ಹೇಳಿ.

ಯಾವ ಭಾಷೆಯಲ್ಲಿ ಶುರು ಮಾಡಬೇಕು? ಕೊಂಕಣಿಯಾ, ಕನ್ನಡವಾ, ಇಂಗ್ಲಿಷಾ?

ಇದು ನಮ್ಮ ಮನೆಗಳ ದೊಡ್ಡ ಗೊಂದಲ. ಮನೆಮಾತು ಕೊಂಕಣಿ, ಅಂಗಡಿ-ಬಸ್ಸಿನಲ್ಲಿ ಕನ್ನಡ, ಕೇಬಲ್ ಟಿವಿಯಲ್ಲಿ ಹಿಂದಿ. ಅಪ್ಪ-ಅಮ್ಮಂದಿರಿಗೆ ಮಾತ್ರ ಮಗು ಇಂಗ್ಲಿಷ್ ಮಾತಾಡಬೇಕು.

ನನ್ನ ಸಲಹೆ: ಮಾತು ಕೊಂಕಣಿಯಲ್ಲೇ ಇರಲಿ, ಅಕ್ಷರ ಕನ್ನಡದಲ್ಲಿ ಶುರುವಾಗಲಿ. ಕಾಳಿ ನದಿಯಿಂದ ಈಚೆಗೆ ಕೊಂಕಣಿ ಪ್ರಾರ್ಥನೆ, ಕಂತಾರ (ಹಾಡು) ಎಲ್ಲ ಜಾಸ್ತಿ ಅಚ್ಚಾಗುವುದು ಕನ್ನಡ ಲಿಪಿಯಲ್ಲೇ. ಗೋವಾಕ್ಕೆ ಹೋದರೆ ರೋಮನ್ ಲಿಪಿ, ದೇವನಾಗರಿ. ಒಮ್ಮೆ ಕನ್ನಡ ಅಕ್ಷರ ಕೈಗೆ ಬಂದರೆ ಮಗು ಬಸ್ಸಿನ ಬೋರ್ಡನ್ನೂ ಓದುತ್ತದೆ, ಅಜ್ಜಿಯ ಪ್ರಾರ್ಥನೆ ಪುಸ್ತಕವನ್ನೂ ಓದುತ್ತದೆ. ಒಂದೇ ಶ್ರಮಕ್ಕೆ ಎರಡು ಭಾಷೆ ಓದಲು ಬರುತ್ತದೆ. ಮೇಲಾಗಿ ಕನ್ನಡದಲ್ಲಿ ಬರೆದ ಹಾಗೆ ಓದುವುದು. ಇಂಗ್ಲಿಷಿನ ಸ್ಪೆಲ್ಲಿಂಗ್ ಕಾಟ ಇಲ್ಲ, ಐದಾರು ವರ್ಷದ ಮಗುವಿಗೆ ಬೇಗ ಧೈರ್ಯ ಬರುತ್ತದೆ. ಇಂಗ್ಲಿಷ್ ಕಿವಿಗೆ ಬೀಳುತ್ತಿರಲಿ, ಓದು ಒಂದು ವರ್ಷ ಹಿಂದೆ ಬಂದರೆ ಏನೂ ಮುಳುಗುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು ಅಂತ 2015ರ ಕಾಯ್ದೆ ಇದೆ. ನಾಳೆ ಮಗು ನಾಲ್ಕನೇ ತರಗತಿಗೋ ಆರನೇ ತರಗತಿಗೋ ಸೇರಿದರೆ ಮೊದಲು ಎಡವುವುದು ಇಲ್ಲಿಯೇ.

ಯಾವ ಪುಸ್ತಕ? ಅಮೆರಿಕದ ಕಥೋಲಿಕ ಸಿಲೆಬಸ್ ತರಿಸಬಹುದಾ?

ಸೆಟನ್, ಕೊಲ್ಬೆ ಅಂತ ಅಲ್ಲಿ ಹೆಸರಾದ ಕಥೋಲಿಕ ಹೋಂಸ್ಕೂಲಿಂಗ್ ಸಂಸ್ಥೆಗಳಿವೆ. ಚೆನ್ನಾಗಿಯೂ ಇವೆ. ಆದರೆ ಲೆಕ್ಕದಲ್ಲಿ ಡಾಲರ್-ಸೆಂಟ್, ಅಳತೆಯಲ್ಲಿ ಇಂಚು-ಪೌಂಡ್, ಚರಿತ್ರೆಯಲ್ಲಿ ಅವರ ಅಧ್ಯಕ್ಷರುಗಳು. ಚಿಕ್ಕ ಮಗುವಿಗೆ ಇಷ್ಟು ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಅವನ್ನೇ ಬೆನ್ನೆಲುಬು ಮಾಡಿಕೊಳ್ಳಿ, ಧರ್ಮಪಾಠಕ್ಕೆ ನಿಮ್ಮ ಧರ್ಮಕೇಂದ್ರದ ಪುಸ್ತಕ ಇದ್ದೇ ಇದೆ.

ಪರಿಸರ ಅಧ್ಯಯನಕ್ಕೆ ಪುಸ್ತಕವೇ ಬೇಡ ಅನ್ನುವಷ್ಟು ನಮ್ಮ ಜಿಲ್ಲೆ ಶ್ರೀಮಂತ. ಸಾಣಿಕಟ್ಟೆಯಲ್ಲಿ ಉಪ್ಪು ಮಾಡುವುದನ್ನು ತೋರಿಸಿ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ನಿಲ್ಲುವ ಕಗ್ಗ ಭತ್ತ ಇದೆ. ಹೊನ್ನಾವರ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ನಡೆಯಲು ಮರದ ದಾರಿಯೇ ಇದೆ. ಶಿರಸಿಯವರಿಗೆ ಅಡಿಕೆ ತೋಟ, ಸ್ವಲ್ಪ ದೂರ ಹೋದರೆ ಕದಂಬರ ಬನವಾಸಿ.

ಧರ್ಮಪಾಠದಲ್ಲಿ ಏನೇನು ಕಲಿಸಬೇಕು?

ಚರ್ಚಿನ ವರ್ಷವನ್ನೇ ಹಿಡಿದು ಹೋಗಿ. ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲದಲ್ಲಿ ಗೋದಲಿ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಪ್ರಶ್ನೋತ್ತರ ಬಾಯಿಪಾಠ ಮಾಡಿಸುವುದು ತಪ್ಪಲ್ಲ, ಆದರೆ ಅದು ಕಥೆಯ ಹಿಂದೆ ಬರಲಿ.

ನಮ್ಮ ನೆಲದ ಸಂತರನ್ನು ಮರೆಯಬೇಡಿ. ಸಂತ ಜೋಸೆಫ್ ವಾಝ್ 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದವರು. 1681ರಿಂದ ಕೆಲವು ವರ್ಷ ನಮ್ಮ ಕೆನರಾ ಕರಾವಳಿಯಲ್ಲೇ ಸೇವೆ ಮಾಡಿದರು. 1687ರಲ್ಲಿ ಡಚ್ಚರ ಕಣ್ಣು ತಪ್ಪಿಸಿ ಬಡ ಕೂಲಿಯ ವೇಷದಲ್ಲಿ ಸಿಲೋನಿಗೆ ಹೋದರು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತ ಎಂದು ಸಾರಿದರು. ನಕ್ಷೆ ಹರಡಿ ಬೆನಾವ್ಲಿಯಿಂದ ಕ್ಯಾಂಡಿಗೆ ಮಗುವಿನ ಬೆರಳು ಓಡಿಸಿ. ವೇಷ ಬದಲಿಸುವ ಜಾಗ ಬಂದರೆ ನನ್ನ ಮಗನಿಗೆ ಕಥೆ ಅಲ್ಲಿಗೇ ನಿಲ್ಲಬೇಕು. ಹರಕು ಲುಂಗಿ ಸುತ್ತಿಕೊಂಡು ಬಂದು “ಈಗ ಮುಂದೆ ಹೇಳು” ಅನ್ನುತ್ತಾನೆ. ಚರಿತ್ರೆ, ಭೂಗೋಳ, ಧರ್ಮಪಾಠ ಮೂರೂ ಒಂದೇ ಸಂಜೆಯಲ್ಲಿ ಆಯಿತು.

ಪ್ರಥಮ ಪರಮಪ್ರಸಾದಕ್ಕೆ ಮನೆಯಲ್ಲೇ ತಯಾರಿ ಮಾಡಿದರೆ ನಡೆಯುತ್ತದಾ?

ತಯಾರಿಯ ಮೊದಲ ಹೊಣೆ ಹೆತ್ತವರದೇ, ಜೊತೆಗೆ ಧರ್ಮಕೇಂದ್ರದ ಗುರುಗಳದು ಎಂದು ಚರ್ಚ್ ಕಾನೂನಿನ 914ನೇ ನಿಯಮ ಹೇಳುತ್ತದೆ. ಪರಮಪ್ರಸಾದಕ್ಕೆ ಬೇಕಾದ ತಿಳಿವಳಿಕೆ ಬರುವ ವಯಸ್ಸು ಸುಮಾರು ಏಳು ಅನ್ನುವುದು ಪೋಪ್ ಹತ್ತನೇ ಪಿಯುಸ್ 1910ರಲ್ಲಿ ಮಾಡಿದ ತೀರ್ಮಾನ. ಮಗು ಸಿದ್ಧವಾಗಿದೆಯೇ ಅಂತ ನೋಡುವವರು ಫಾದರ್. ಹಾಗಾಗಿ ಮನೆಯಲ್ಲಿ ಎಷ್ಟೇ ಕಲಿಸಿದರೂ ಭಾನುವಾರದ ಕ್ಲಾಸ್ ತಪ್ಪಿಸಬೇಡಿ. ಕ್ಯಾಟೆಕಿಸಂ ಟೀಚರ್ ಆಗಿ ಹೇಳುತ್ತಿದ್ದೇನೆ ಅಂದುಕೊಂಡರೂ ಸರಿಯೇ. ಮನೆಪಾಠದ ಮಗುವಿಗೆ ತನ್ನ ವಯಸ್ಸಿನ ಕಥೋಲಿಕ ಮಕ್ಕಳು ವಾರಕ್ಕೊಮ್ಮೆ ಖಾತ್ರಿಯಾಗಿ ಸಿಗುವ ಜಾಗ ಅದೊಂದೇ.

ಗೆಳೆಯರಿಲ್ಲದೆ ಮಗು ಒಂಟಿಯಾಗುವುದಿಲ್ವಾ?

ಕೇರಿಯಲ್ಲಿ ಮಕ್ಕಳಿದ್ದರೆ ಇಲ್ಲ. ಸಂಜೆ ಕಡಲ ದಂಡೆಗೆ ಬಿಡಿ, ಯಾರು ಯಾವ ಶಾಲೆ ಅಂತ ಯಾರೂ ಕೇಳುವುದಿಲ್ಲ. ಗಣಪತಿ ಹಬ್ಬಕ್ಕೂ ಈದ್‌ಗೂ ನೆರೆಮನೆಗೆ ಹೋಗುವ ರೂಢಿ ಬಿಡಬೇಡಿ. ಬೇರೆ ಧರ್ಮದ ಮಕ್ಕಳ ಜೊತೆ ಆಡಿ ಬೆಳೆಯುವುದನ್ನು ಶಾಲೆ ತಾನಾಗಿ ಮಾಡಿಸುತ್ತದೆ, ಮನೆಪಾಠದಲ್ಲಿ ನಾವೇ ನೆನಪಿಟ್ಟು ಮಾಡಿಸಬೇಕು. ಒಂಟಿ ತೋಟದ ಮನೆಯಾದರೆ ಮಾತ್ರ ಈ ಪ್ರಶ್ನೆ ನಿಜಕ್ಕೂ ಗಟ್ಟಿ.

ಕಲಿಸುವವರು ಯಾರು? ಗಂಡ ಗಲ್ಫ್‌ನಲ್ಲಿ, ನಾನೊಬ್ಬಳೇ. ಆಗುತ್ತದಾ?

ಎಲ್ಲರೂ ಸಿಲೆಬಸ್ ಬಗ್ಗೆ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ. ನನ್ನ ಪ್ರಕಾರ ಮನೆಪಾಠ ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ. ಡಿಗ್ರಿ ಬೇಡ. ಆದರೆ ದಿನಾ ಬೆಳಗ್ಗೆ ಎರಡು ಗಂಟೆ, ಕೈಯಲ್ಲಿ ಸೌಟೂ ಮೊಬೈಲೂ ಇಲ್ಲದ ಒಬ್ಬ ದೊಡ್ಡವರು ಬೇಕು. ಸಾಮಾನ್ಯವಾಗಿ “ಅಮ್ಮ ಇದ್ದಾಳಲ್ಲ” ಅಂತ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಅಮ್ಮನ ಮೇಲೆ ಅಡುಗೆ, ಬಟ್ಟೆ, ಮಾವನ ಬಿಪಿ ಮಾತ್ರೆ, ತೊಟ್ಟಿಲ ಮಗು, ಮೇಲಿಂದ ಭಾಗಾಕಾರ. ಆರು ತಿಂಗಳಲ್ಲಿ ಪಾಠ ಬೈಗುಳವಾಗುತ್ತದೆ. ಆಗ ಮಗುವಿಗೆ ಅಮ್ಮನೂ ಇಲ್ಲ, ಟೀಚರೂ ಇಲ್ಲ.

ಹಾಗಾಗಿ ಮೊದಲು ಮನೆಕೆಲಸ ಹಂಚಿ, ಆಮೇಲೆ ಪುಸ್ತಕ ಕೊಳ್ಳಿ. ಗಂಡ ಊರಲ್ಲಿದ್ದರೆ ಒಂದು ವಿಷಯ ಪೂರ್ತಿ ಅವರದ್ದಾಗಲಿ. ಬೋಟ್‌ಗೆ ಹೋಗುವವರ ಮನೆಗಳಲ್ಲಿ ಒಂದು ಅನುಕೂಲ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಅಪ್ಪ ಮನೆಯಲ್ಲಿರುತ್ತಾರೆ. ಬಲೆ ಹೊಲಿಯುತ್ತಲೇ ಮಗ್ಗಿ ಒಪ್ಪಿಸಿಕೊಳ್ಳಬಹುದು. ಗಂಡ ಗಲ್ಫ್‌ನಲ್ಲಿದ್ದು, ಅತ್ತೆ-ಮಾವನಿಗೂ ವಯಸ್ಸಾಗಿ, ನೀವೊಬ್ಬರೇ ಅಂದರೆ ಮಗುವನ್ನು ಶಾಲೆಗೆ ಕಳಿಸಿ. ಸಂಜೆ ಅರ್ಧ ಗಂಟೆ ಕೂತು ಕಥೆ ಓದಿ ಹೇಳಿ. ಅದು ಸೋಲಲ್ಲ.

ನಿಮ್ಮ ಸಂಬಳ ಬಿಟ್ಟು ಕೂರಬೇಕಾಗಿದ್ದರೆ, ಬಿಟ್ಟ ಸಂಬಳವೇ ಮನೆಪಾಠದ ನಿಜವಾದ ಫೀಸು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅತ್ತೆ-ಮಾವ ಒಪ್ಪುತ್ತಿಲ್ಲ.

ಅವರಿಗೊಂದು ಪಾಠ ಒಪ್ಪಿಸಿ. ಅತ್ತೆಗೆ ಪ್ರಾರ್ಥನೆ ಕಲಿಸುವ ಕೆಲಸ, ಮಾವನಿಗೆ ಪೇಪರ್ ಓದಿಸುವ ಕೆಲಸ. ಪೂರ್ತಿ ಒಪ್ಪದಿದ್ದರೂ ಊರವರ ಮುಂದೆ ನಿಮ್ಮ ಪರ ಮಾತಾಡುತ್ತಾರೆ.

ಮುಂದೆ ಶಾಲೆಗೆ ಸೇರಿಸಬೇಕು ಅಂದರೆ? ಎಸ್‌ಎಸ್‌ಎಲ್‌ಸಿ, ಸಿಇಟಿ ಕಥೆ ಏನು?

ಸೇರಿಸಬಹುದು. ಶಾಲೆಯ ಮುಖ ನೋಡದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಆರ್‌ಟಿಇಯ 4ನೇ ಸೆಕ್ಷನ್ ಹೇಳುತ್ತದೆ. ಸರ್ಕಾರಿ ಶಾಲೆಯಲ್ಲಿ ಇದು ಸುಲಭ. ಖಾಸಗಿಯವರು ಟಿಸಿ ಎಲ್ಲಿ ಅಂತ ತಕರಾರು ತೆಗೆಯಬಹುದು.

ಕೊನೆಯವರೆಗೂ ಮನೆಯಲ್ಲೇ ಅನ್ನುವವರಿಗೆ ಎನ್‌ಐಒಎಸ್ ಇದೆ, ಕೇಂದ್ರ ಸರ್ಕಾರದ ಮುಕ್ತ ಶಾಲೆ. ಅದರಲ್ಲಿ ಎ, ಬಿ, ಸಿ ಅಂತ ಮೂರು ಹಂತ, ಅವು 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೆ ಸೇರಲು 14 ವರ್ಷ ತುಂಬಿರಬೇಕು. ಭಾಷಾ ವಿಷಯವಾಗಿ ಕನ್ನಡ ತೆಗೆದುಕೊಳ್ಳಬಹುದು.

ಆದರೆ ಸಿಇಟಿ ಲೆಕ್ಕ ಈಗಲೇ ತಲೆಯಲ್ಲಿರಲಿ. ನಮ್ಮ ರಾಜ್ಯದ ಮಕ್ಕಳು ಸಾಮಾನ್ಯವಾಗಿ ಬರುವ ದಾರಿಯಲ್ಲಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕರ್ನಾಟಕದ ಮಾನ್ಯತೆ ಇರುವ ಶಾಲೆ-ಕಾಲೇಜುಗಳಲ್ಲಿ 7 ಪೂರ್ಣ ವರ್ಷ ಓದಿರಬೇಕು. ಆರನೇ ತರಗತಿಯಿಂದ ಹನ್ನೆರಡರವರೆಗೆ (ದ್ವಿತೀಯ ಪಿಯುಸಿ) ಲೆಕ್ಕ ಹಾಕಿ, ಸರಿಯಾಗಿ ಏಳು. ಐದರವರೆಗೆ ಮನೆಪಾಠ ಮಾಡಿ ಆರನೇ ತರಗತಿಗೆ ಸೇರಿಸಿದರೆ ಆ ಬಾಗಿಲು ತೆರೆದೇ ಇರುತ್ತದೆ. ಅದಕ್ಕೇ ನಾನು ಎಲ್ಲರಿಗೂ ಐದರವರೆಗೆ ಸಾಕು ಅನ್ನುವುದು. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಬೇಕಾದರೆ ಮಾತ್ರ ಒಂದರಿಂದ ಹತ್ತರವರೆಗಿನ ಶಾಲೆಯ ದಾಖಲೆ ಕೇಳುತ್ತಾರೆ, ಮನೆಪಾಠದವರಿಗೆ ಅದು ಸಿಗುವುದಿಲ್ಲ. ಹಾಗೆ ನೋಡಿದರೆ ಮಾಜಾಳಿ, ಸದಾಶಿವಗಡ ಕಡೆಯಿಂದ ಗೋವಾ ಶಾಲೆಗೆ ಕಳಿಸುವವರಿಗೂ ಈ ಏಳು ವರ್ಷದ ಲೆಕ್ಕ ಅನ್ವಯವಾಗುತ್ತದೆ, ಅವರನ್ನು ಯಾರೂ ಹೆದರಿಸುವುದಿಲ್ಲ ಅಷ್ಟೇ.

ಈಗಲೇ ಯಾವ ಕಾಗದಪತ್ರ ತೆಗೆದಿಟ್ಟುಕೊಳ್ಳಬೇಕು?

ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡ್, ದೀಕ್ಷಾಸ್ನಾನದ ಸರ್ಟಿಫಿಕೇಟ್. ವರ್ಷಕ್ಕೊಂದು ಫೈಲ್‌ನಲ್ಲಿ ಮಗುವಿನ ಬರವಣಿಗೆ, ಚಿತ್ರ, ಲೆಕ್ಕ, ತಾರೀಕು ಹಾಕಿ ಇಡಿ.

ನಮ್ಮವರಲ್ಲಿ ಜಾಸ್ತಿ ಒದ್ದಾಟ ಹೆಸರಿನದು. ಜನನ ಪತ್ರದಲ್ಲಿ ಫರ್ನಾಂಡಿಸ್, ಆಧಾರ್‌ನಲ್ಲಿ ಫೆರ್ನಾಂಡೀಸ್, ಇಗರ್ಜಿ ದಾಖಲೆಯಲ್ಲಿ ನಡುವೆ ಇನ್ನೊಬ್ಬ ಸಂತರ ಹೆಸರು. ಡಿಸೋಜಾದವರಿಗೆ ಇಂಗ್ಲಿಷಿನಲ್ಲಿ ಡಿ ಆದ ಮೇಲೆ ಅಪಾಸ್ಟ್ರಫಿ ಹಾಕಬೇಕಾ, ಜಾಗ ಬಿಡಬೇಕಾ ಅನ್ನುವುದೇ ದೊಡ್ಡ ಜಗಳ. ಶಾಲೆಗೆ ಹೋಗುವ ಮಗುವಿಗೆ ಒಂದನೇ ತರಗತಿಯಲ್ಲೇ ಯಾರೋ ಕ್ಲರ್ಕ್ ಇದನ್ನು ಹಿಡಿದು ತಿದ್ದಿಸುತ್ತಾರೆ. ನಿಮ್ಮ ಮಗುವಿಗೆ ಆ ಕ್ಲರ್ಕ್ ಇಲ್ಲ. ಜನನ ಪತ್ರದಲ್ಲಿ ಇರುವ ಹಾಗೆಯೇ ಉಳಿದ ಎಲ್ಲ ಕಡೆ ಬರೆಸಿ. ಇಗರ್ಜಿ ದಾಖಲೆ ತಿದ್ದಿಸಬೇಕಿದ್ದರೆ ಆಫೀಸಿನಲ್ಲಿ ಕೇಳಿ, ಹಬ್ಬದ ಗಡಿಬಿಡಿ ಇರುವ ಡಿಸೆಂಬರ್ ಬಿಟ್ಟು ಹೋಗಿ.